ಒಡೆಯನಿಲ್ಲದ ಮನೆಯಲ್ಲಿ ನಾಯಿ

(ಪಶು ಆರೋಗ್ಯ ಶಿಬಿರದಲ್ಲಿ ನೆರೆದ ರೈತರಿಗೆ ಮಾಡಿದ ಭಾಷಣ)



ದನಕರುಗಳಿಗೆ ಲಸಿಕೆ ಹಾಕಿಸುವುದಕ್ಕಾಗಿ ನೀವೆಲ್ಲರೂ ಇಲ್ಲಿ ಸೇರಿದ್ದೀರಿ. ಎತ್ತು, ಎಮ್ಮೆ, ಕುರಿ, ಕೋಳಿಗಳ ಆರೈಕೆಯ ವಿಷಯವನ್ನು ಇಂತಹ ಕಡೆಗಳಲ್ಲಿ ಆಗಾಗ್ಗೆ ಕೇಳಿರುತ್ತೀರಿ. ಆದರೆ ಆ ದನಗಳ ಹಿಂದೆಯೇ ನಿಮ್ಮ ಜೊತೆ ನಡೆದು ಬಂದು, ಈಗ ಮರದ ನೆರಳಿನಲ್ಲಿ ಮಲಗಿರುವ ಪ್ರಾಣಿಯ ವಿಷಯವನ್ನು ಯಾರೂ ಎತ್ತುವುದಿಲ್ಲ. ಈ ದಿನ ನಾನು ನಾಯಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದರಲ್ಲಿಯೂ, ಒಡೆಯನು ಮನೆಯಲ್ಲಿ ಇಲ್ಲದಿರುವಾಗ ನಾಯಿ ಹೇಗೆ ನಡೆದುಕೊಳ್ಳುತ್ತದೆ, ಏತಕ್ಕೆ ಹಾಗೆ ನಡೆದುಕೊಳ್ಳುತ್ತದೆ, ಆಗ ನಾವು ಮಾಡಬೇಕಾದುದೇನು ಎಂಬ ಮೂರು ಸಂಗತಿಗಳನ್ನು ವಿಚಾರ ಮಾಡೋಣ.

ನಾಯಿಯ ಮನಸ್ಸನ್ನು ತಿಳಿದು ರೈತನಿಗೇನು ಲಾಭ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಲಾಭ ಉಂಟು. ರಾತ್ರಿಯ ಹೊತ್ತು ಹೊಲಕ್ಕೆ ಹಂದಿ ನುಗ್ಗಿದರೆ ಮೊದಲು ತಿಳಿಸುವುದು ಅದೇ. ಕುರಿ ಮಂದೆಯನ್ನು ತೋಳದಿಂದ ಕಾಯುವುದು ಅದೇ. ಕಣದಲ್ಲಿ ರಾಶಿ ಬಿದ್ದಿರುವಾಗ ನಿಮ್ಮ ಜೊತೆ ಕಣ್ಣು ಮುಚ್ಚದೆ ಇರುವುದೂ ಅದೇ. ಇಂತಹ ಪ್ರಾಣಿಯನ್ನು ಅದು ಅತ್ತಿತೆಂಬ ಒಂದೇ ಕಾರಣಕ್ಕೆ ಕಲ್ಲು ಹೊಡೆದು ಓಡಿಸುವುದುಂಟು. ಇನ್ನೊಂದು ಕಡೆ, ರೋಗ ತಗಲಿದ ನಾಯಿಯನ್ನು, ಪಾಪ, ಯಜಮಾನನ ಕೊರಗಿನಿಂದ ಹೀಗಾಗಿದೆ ಎಂದು ಮುಟ್ಟಿ ಉಪಚರಿಸಲು ಹೋಗಿ ಪ್ರಾಣಕ್ಕೆ ಅಪಾಯ ತಂದುಕೊಳ್ಳುವುದೂ ಉಂಟು. ಮೊದಲನೆಯದರಿಂದ ಒಳ್ಳೆಯ ಕಾವಲು ಕಳೆದುಹೋಗುತ್ತದೆ. ಎರಡನೆಯದರಿಂದ ಮನುಷ್ಯನ ಜೀವವೇ ಹೋಗಬಹುದು. ಆದುದರಿಂದ ಈ ವಿಷಯವನ್ನು ತಿಳಿದಿರುವುದು ಅವಶ್ಯ.

ಮೊದಲು ಲಕ್ಷಣಗಳನ್ನು ನೋಡೋಣ. ಮನೆಯ ಯಜಮಾನ ನೆಂಟರ ಊರಿಗೆ ಹೊರಟನೆನ್ನಿ. ನಾಯಿ ಊರ ಬಾಗಿಲವರೆಗೆ ಹಿಂದೆಯೇ ಹೋಗುತ್ತದೆ. ಬಸ್ಸು ಹೊರಟುಹೋದ ಮೇಲೆ ಸ್ವಲ್ಪ ದೂರ ಓಡಿ, ನಿಂತು, ಹಿಂದಿರುಗುತ್ತದೆ. ಮನೆಗೆ ಬಂದು ಹೊಸಿಲ ಬಳಿ ಮೂತಿಯನ್ನು ಮುಂಗಾಲಿನ ಮೇಲಿಟ್ಟು ಮಲಗುತ್ತದೆ. ಯಾರಾದರೂ ಬಂದರೆ ತಲೆಯೆತ್ತಿ ನೋಡಿ, ತನ್ನವನಲ್ಲವೆಂದು ಕಂಡು, ಮತ್ತೆ ತಲೆ ಹಾಕುತ್ತದೆ. ಹಾಕಿದ ಮುದ್ದೆಯನ್ನೋ ರೊಟ್ಟಿಯನ್ನೋ ಮೂಸಿ ಬಿಡುತ್ತದೆ. ಕೆಲವು ನಾಯಿಗಳು ಅಂಗಳದಿಂದ ಹಿತ್ತಲಿಗೆ, ಹಿತ್ತಲಿನಿಂದ ಅಂಗಳಕ್ಕೆ ಸುಮ್ಮನೆ ತಿರುಗುತ್ತವೆ. ಕೆಲವು ಬಾಗಿಲನ್ನು ಕೆರೆಯುತ್ತವೆ, ಕುಂಯ್‌ಗುಟ್ಟುತ್ತವೆ, ಊಳಿಡುತ್ತವೆ. ಯಜಮಾನನ ಹಳೆಯ ಚಪ್ಪಲಿಯನ್ನೋ ಕಂಬಳಿಯನ್ನೋ ಎಳೆದು ತಂದು ಅದರ ಮೇಲೆ ಮಲಗುವುದೂ ಉಂಟು, ಅದನ್ನು ಕಚ್ಚಿ ಚಿಂದಿ ಮಾಡುವುದೂ ಉಂಟು. ಈ ಚಡಪಡಿಕೆ ಹೆಚ್ಚಾಗಿ ಕಾಣುವುದು ಒಡೆಯನು ಹೊರಟ ಮೊದಲ ಅರ್ಧ ಗಂಟೆಯೊಳಗೆ. ಅನಂತರ ಬಹಳ ನಾಯಿಗಳು ತಕ್ಕಮಟ್ಟಿಗೆ ಸಮಾಧಾನಗೊಂಡು ಕಾಯುತ್ತಾ ಬಿದ್ದಿರುತ್ತವೆ.

ಇದಕ್ಕೆ ಕಾರಣವೇನು? ನಾಯಿಯ ಮೂಲ ಪೂರ್ವಿಕ ತೋಳ. ತೋಳ ಒಂಟಿಯಾಗಿ ಬದುಕುವ ಪ್ರಾಣಿಯಲ್ಲ. ಅದು ಹಿಂಡಿನಲ್ಲಿ ಬೇಟೆಯಾಡಿ, ಹಿಂಡಿನಲ್ಲಿ ಮರಿಗಳನ್ನು ಸಾಕುತ್ತದೆ. ಸುಮಾರು 15,000 ವರ್ಷಗಳಿಂದಲಾದರೂ ನಾಯಿ ಮನುಷ್ಯನ ಜೊತೆಗೆ ಬದುಕುತ್ತಿದೆ. ಈ ದೀರ್ಘ ಕಾಲದಲ್ಲಿ ಅದರ ಹಿಂಡಿನ ಸ್ಥಾನಕ್ಕೆ ನಮ್ಮ ಮನೆಯವರು ಬಂದಿದ್ದೇವೆ. ಹಿಂಡಿನಿಂದ ಅಗಲಿದ ತೋಳ ಹೇಗೆ ಕಳವಳಗೊಳ್ಳುವುದೋ ಹಾಗೆಯೇ ಒಡೆಯನನ್ನು ಅಗಲಿದ ನಾಯಿ ಕಳವಳಗೊಳ್ಳುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಹಂಗೇರಿ ದೇಶದ ಬುಡಾಪೆಸ್ಟ್ ನಗರದ ಸಂಶೋಧಕರು 1998ರಲ್ಲಿ 51 ನಾಯಿಗಳನ್ನು ಅವುಗಳ ಒಡೆಯರೊಂದಿಗೆ ಹೊಸ ಕೋಣೆಯೊಂದಕ್ಕೆ ಕರೆತಂದು, ಒಡೆಯನು ಹೊರಗೆ ಹೋದಾಗಲೂ ಅಪರಿಚಿತನು ಒಳಗೆ ಬಂದಾಗಲೂ ನಾಯಿ ಏನು ಮಾಡುತ್ತದೆಂದು ಗಮನಿಸಿದರು. ಎಳೆಯ ಮಕ್ಕಳಿಗೆ ತಾಯಿಯ ಮೇಲಿರುವ ನಂಟನ್ನು ಅಳೆಯುವುದಕ್ಕೆ ಬಳಸುತ್ತಿದ್ದ ಪರೀಕ್ಷೆಯ ಮಾದರಿಯದೇ ಅದು. ಒಡೆಯನಿದ್ದಾಗ ನಾಯಿ ಧೈರ್ಯವಾಗಿ ಆಡುತ್ತಿತ್ತು. ಅವನು ಹೋದ ಮೇಲೆ ಬಾಗಿಲ ಬಳಿ ನಿಲ್ಲುತ್ತಿತ್ತು. ಮಗುವಿನ ನಡತೆಗೂ ನಾಯಿಯ ನಡತೆಗೂ ಬಹಳ ಹೋಲಿಕೆ ಕಂಡುಬಂದಿತು.

ಸ್ವೀಡನ್ ದೇಶದಲ್ಲಿ 2011ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ 12 ನಾಯಿಗಳನ್ನು ಅರ್ಧ ಗಂಟೆ, ಎರಡು ಗಂಟೆ, ನಾಲ್ಕು ಗಂಟೆಗಳ ಕಾಲ ಒಂಟಿಯಾಗಿ ಬಿಟ್ಟು ನೋಡಿದರು. ಅರ್ಧ ಗಂಟೆಗೆ ಬಂದ ಒಡೆಯನಿಗಿಂತ ಎರಡು ಗಂಟೆ ಬಿಟ್ಟು ಬಂದವನಿಗೆ ನಾಯಿಯ ಸ್ವಾಗತ ಹೆಚ್ಚಾಗಿತ್ತು. ಎರಡಕ್ಕೂ ನಾಲ್ಕಕ್ಕೂ ಮಾತ್ರ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅಂದರೆ ಒಡೆಯ ಈಗ ತಾನೆ ಹೋಗಿ ಬಂದನೋ, ಬಹಳ ಹೊತ್ತು ಬಿಟ್ಟು ಬಂದನೋ ಎಂಬ ಭೇದ ನಾಯಿಯ ನಡತೆಯಲ್ಲಿ ಕಾಣುತ್ತದೆ. ಜಪಾನಿನ ಸಂಶೋಧಕರು 2022ರಲ್ಲಿ ನಾಯಿಯ ಕಣ್ಣಿನ ತೇವವನ್ನು ಕಾಗದದ ಪಟ್ಟಿಯಿಂದ ಅಳೆದು ನೋಡಿದರು. ಐದಾರು ಗಂಟೆ ಅಗಲಿದ್ದ ಒಡೆಯನನ್ನು ಮತ್ತೆ ಕಂಡಾಗ ಕಣ್ಣೀರು ಹೆಚ್ಚುತ್ತಿತ್ತು. ಪರಿಚಯದ ಬೇರೆಯವರನ್ನು ಕಂಡಾಗ ಹಾಗೆ ಹೆಚ್ಚಲಿಲ್ಲ.

ನಾಯಿಗೆ ಒಡೆಯನೆಂದರೆ ಮುಖಕ್ಕಿಂತ ಹೆಚ್ಚಾಗಿ ಒಂದು ವಾಸನೆ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ನಾಯಿಗಳನ್ನು ಅಲುಗಾಡದೆ ಮಲಗುವಂತೆ ಪಳಗಿಸಿ, ಯಂತ್ರದಿಂದ ಅವುಗಳ ಮೆದುಳಿನ ಚಿತ್ರ ತೆಗೆದರು. ಪರಿಚಯದ ಮನುಷ್ಯನ ವಾಸನೆಯನ್ನು ಮೂಸಿದಾಗ, ಸುಖದ ನಿರೀಕ್ಷೆಗೆ ಸಂಬಂಧಪಟ್ಟ ಮೆದುಳಿನ ಭಾಗ ಎಲ್ಲಕ್ಕಿಂತ ಹೆಚ್ಚು ಚುರುಕುಗೊಂಡಿತೆಂದು 2015ರಲ್ಲಿ ಪ್ರಕಟಿಸಿದರು. ಆ ಮನುಷ್ಯ ಅಲ್ಲಿ ಇರಲಿಲ್ಲ. ಬಟ್ಟೆಯ ತುಂಡಿಗೆ ಅಂಟಿದ ಅವನ ಬೆವರಿನ ವಾಸನೆ ಮಾತ್ರ ಇತ್ತು. ನಿಮ್ಮ ನಾಯಿ ನಿಮ್ಮ ಕಂಬಳಿಯ ಮೇಲೆಯೇ ಹೋಗಿ ಮಲಗುವುದೇಕೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಊಳಿಡುವ ವಿಷಯ. ನಾಯಿ ಊಳಿಟ್ಟರೆ ಅದಕ್ಕೆ ಯಮದೂತರು ಕಂಡಿದ್ದಾರೆ, ಮನೆಯಲ್ಲಿ ಸಾವಾಗುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದುಂಟು. ಸ್ವಲ್ಪ ಯೋಚಿಸಿ ನೋಡಿ. ತೋಳಗಳು ಚದುರಿದಾಗ ಒಂದನ್ನೊಂದು ಕೂಗಿ ಕರೆಯುವ ದನಿಯೇ ಊಳು. ಬೊಗಳುವ ದನಿಗಿಂತ ಅದು ಬಹು ದೂರ ಕೇಳಿಸುತ್ತದೆ. "ನಾನು ಇಲ್ಲಿದ್ದೇನೆ, ನೀನು ಎಲ್ಲಿದ್ದೀಯೆ" ಎಂಬುದು ಅದರ ಅರ್ಥ. ಮನೆಯ ಹಿರಿಯರಿಗೆ ಕಾಯಿಲೆ ಹೆಚ್ಚಾಗಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದರೆನ್ನಿ. ದಿನವೂ ತನಗೆ ಅನ್ನ ಹಾಕುತ್ತಿದ್ದ ಕೈ ಕಾಣದೆ ನಾಯಿ ರಾತ್ರಿ ಊಳಿಡುತ್ತದೆ. ನಾಲ್ಕು ದಿನದ ಮೇಲೆ ಕಾಯಿಲೆಯವರು ತೀರಿಕೊಂಡರೆ, ನಾಯಿ ಅತ್ತಿತು, ಸಾವು ಬಂದಿತು ಎಂದು ನಾವು ಲೆಕ್ಕ ಹಾಕುತ್ತೇವೆ. ಸಾವು ಬಂದುದು ಕಾಯಿಲೆಯಿಂದ. ನಾಯಿ ಅತ್ತುದು ಅಗಲಿಕೆಯಿಂದ. ಆಸ್ಪತ್ರೆಗೆ ಹೋದವರು ಗುಣವಾಗಿ ಮನೆಗೆ ಬಂದಾಗ, ಅವರು ಹೋದ ರಾತ್ರಿ ನಾಯಿ ಊಳಿಟ್ಟಿದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆದಕಾರಣ ಊಳಿಡುವ ನಾಯಿಗೆ ಕಲ್ಲು ಬೀರಬೇಡಿ. ದುಃಖದಲ್ಲಿರುವ ಮನೆಯಲ್ಲಿ ದುಃಖಪಡುತ್ತಿರುವ ಇನ್ನೊಂದು ಜೀವ ಅದು.

ಹೀಗೆ ಕಾದ ನಾಯಿಗಳಲ್ಲಿ ಲೋಕವೇ ಅರಿತದ್ದು ಜಪಾನಿನ ಹಾಚಿಕೊ. ಅದರ ಒಡೆಯ ಉಯೆನೊ ಹಿದೆಸಬುರೊ ಅವರು ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಬೇಸಾಯದ ಶಾಖೆಯ ಪ್ರಾಧ್ಯಾಪಕರಾಗಿದ್ದರು; ಹೊಲಗದ್ದೆಗಳನ್ನು ಹಸನು ಮಾಡುವ, ನೀರು ಹಾಯಿಸಿ ಬಸಿಯುವ ವಿದ್ಯೆಯನ್ನು ಕಲಿಸುತ್ತಿದ್ದವರು. 1924ರಲ್ಲಿ ಮರಿಯಾಗಿ ಬಂದ ಹಾಚಿಕೊ ಅವರನ್ನು ಎದುರುಗೊಳ್ಳಲು ಶಿಬುಯ ಎಂಬ ರೈಲು ನಿಲ್ದಾಣಕ್ಕೆ ಹೋಗುತ್ತಿತ್ತು. 1925ರ ಮೇ 21ರಂದು ಅವರು ಕೆಲಸದ ಸ್ಥಳದಲ್ಲಿಯೇ ಹಠಾತ್ತಾಗಿ ತೀರಿಕೊಂಡರು. ನಾಯಿಯನ್ನು ಬೇರೆ ಮನೆಗಳಲ್ಲಿ ಇಟ್ಟರು. ಅದು ಹಿಂದಿರುಗಿ ಬಂದಿತು. ಕೊನೆಗೆ ಅವರ ತೋಟದ ಕೆಲಸದವನೊಬ್ಬನು ಅದನ್ನು ಸಾಕಿದನು. ಅಲ್ಲಿಂದಲೂ ಅದು ನಿಲ್ದಾಣಕ್ಕೆ ಹೋಗುವುದನ್ನು ಬಿಡಲಿಲ್ಲ. 1935ರ ಮಾರ್ಚ್ 8ರಂದು ಸಾಯುವವರೆಗೆ, ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಿತು.

ಇದರಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಮೊದಲ ವರ್ಷಗಳಲ್ಲಿ ಆ ನಿಲ್ದಾಣದ ಜನ ಅದನ್ನು ಬೀದಿನಾಯಿಯೆಂದು ಬೈದು ಅಟ್ಟುತ್ತಿದ್ದರು. 1932ರಲ್ಲಿ ಪತ್ರಿಕೆಯೊಂದರಲ್ಲಿ ಅದರ ಕಥೆ ಬಂದ ಮೇಲೆ ಅದೇ ಜನ ಅದನ್ನು ಆದರಿಸಿದರು. 1934ರಲ್ಲಿ, ಅದು ಬದುಕಿರುವಾಗಲೇ, ಅದರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಯುದ್ಧಕಾಲದಲ್ಲಿ ಲೋಹಕ್ಕಾಗಿ ಅದನ್ನು ಕರಗಿಸಿದ್ದರಿಂದ 1948ರಲ್ಲಿ ಮತ್ತೊಂದನ್ನು ಮಾಡಿಸಿದರು. ನಾಯಿಯ ನಡತೆ ಆಗಲೂ ಈಗಲೂ ಒಂದೇ ಆಗಿತ್ತು. ಬದಲಾದುದು ಜನರ ತಿಳಿವಳಿಕೆ. ಇನ್ನೊಂದು ಸಂಗತಿ. ಅದರ ಅಂಗಾಂಗಗಳನ್ನು ಕಾಪಾಡಿ ಇಟ್ಟಿದ್ದರು. 2011ರಲ್ಲಿ ಅವುಗಳನ್ನು ಪರೀಕ್ಷಿಸಿದಾಗ ಹೃದಯದಲ್ಲಿಯೂ ಶ್ವಾಸಕೋಶದಲ್ಲಿಯೂ ಕ್ಯಾನ್ಸರ್ ಇದ್ದುದು ತಿಳಿಯಿತು; ಹೃದಯದ ಹುಳುಗಳ ಬಾಧೆಯೂ ಇತ್ತು. ಕೊರಗುತ್ತಿರುವ ನಾಯಿಗೆ ರೋಗವೂ ಇರಬಹುದೆಂಬುದನ್ನು ಇದರಿಂದ ಕಲಿಯಬೇಕು.

ದೂರದ ದೇಶದ ಮಾತಾಯಿತು. ನಾಯಿಯ ಋಣವನ್ನು ನೆನೆಯುವುದು ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಶಿಲಾಶಾಸನವೊಂದು ದೊರೆತಿದೆ. ಅದು ಸುಮಾರು ಕ್ರಿ.ಶ. 950ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನು, ಏನು ಬೇಕೆಂದು ಗಂಗರ ದೊರೆ ಬೂತುಗನು ಕೇಳಿದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅಗಲಿದ ನಾಯಿಗಾಗಿ ಮನುಷ್ಯನೂ ಮರುಗಿದ್ದಾನೆಂಬುದಕ್ಕೆ ಇದು ಸಾಕ್ಷಿ.

ಈಗ ನಾವು ಮಾಡಬೇಕಾದುದೇನೆಂದು ನೋಡೋಣ.

ಒಂದು, ಬೆಳಗ್ಗೆ ಹೋಗಿ ಸಂಜೆ ಬರುವ ಸಂಗತಿ. ಮನೆಮಂದಿಯೆಲ್ಲ ಕೂಲಿಗೋ ಸಂತೆಗೋ ಹೋಗುವಾಗ ನಾಯಿಯನ್ನು ಗಿಡ್ಡ ಸರಪಳಿಯಲ್ಲಿ ಬಿಗಿದು ಹೋಗಬೇಡಿ. ನೆರಳು, ನೀರು, ತಿರುಗಾಡುವಷ್ಟು ಜಾಗ ಇರಲಿ. ಹೊರಡುವಾಗ ಬಹಳವಾಗಿ ಮುದ್ದು ಮಾಡಿ ಮಾತನಾಡಿಸುವುದು ಬೇಡ; ಅದರಿಂದ ಅದರ ಕಳವಳ ಹೆಚ್ಚಬಹುದು. ಸಂಜೆ ಬಂದು ನೋಡಿದಾಗ ಚಪ್ಪಲಿ ಹರಿದಿದ್ದರೆ ಹೊಡೆಯಬೇಡಿ. ಮಧ್ಯಾಹ್ನ ಮಾಡಿದ ಕೆಲಸಕ್ಕೆ ಸಂಜೆ ಬಿದ್ದ ಏಟನ್ನು ಅದು ಜೋಡಿಸಿಕೊಳ್ಳಲಾರದು. ಯಜಮಾನ ಬಂದರೆ ಏಟು ಬೀಳುತ್ತದೆ ಎಂಬುದನ್ನಷ್ಟೇ ಕಲಿಯುತ್ತದೆ.

ಎರಡು, ತಿಂಗಳುಗಟ್ಟಲೆ ಹೋಗುವ ಸಂಗತಿ. ಮಳೆ ಕೈಕೊಟ್ಟ ವರ್ಷ ಕೆಲವು ಸೀಮೆಗಳಲ್ಲಿ ಸಂಸಾರ ಸಮೇತ ಗುಳೆ ಹೋಗುತ್ತಾರೆ. ಮನೆಗೆ ಬೀಗ ಬೀಳುತ್ತದೆ; ನಾಯಿ ಬೀಗದ ಮುಂದೆ ಉಳಿಯುತ್ತದೆ. ಹೀಗೆ ಹೋಗಬೇಕಾಗಿ ಬಂದರೆ ನೆರೆಯವರೊಬ್ಬರಿಗೆ ನಾಯಿಯನ್ನು ಒಪ್ಪಿಸಿ ಹೋಗಿ. ಹೊರಡುವ ದಿನ ಹೇಳಿ ಹೋದರೆ ಸಾಲದು. ಎಂಟು ದಿನ ಮೊದಲೇ ಅವರ ಕೈಯಿಂದ, ಅದೇ ಹೊತ್ತಿಗೆ, ಅದೇ ತಟ್ಟೆಯಲ್ಲಿ ಅನ್ನ ಹಾಕಿಸಲು ಆರಂಭಿಸಿ. ಸಾಧ್ಯವಾದರೆ ನಿಮ್ಮ ಮನೆಯ ಜಗಲಿಯ ಮೇಲೆಯೇ ಹಾಕಲಿ. ನಾಯಿಗೆ ಜಾಗವೂ ಒಂದು ಆಸರೆ. ನೀವು ಹೊದ್ದ ಹಳೆಯ ಕಂಬಳಿಯ ತುಂಡನ್ನೋ ಪಂಚೆಯನ್ನೋ ಒಗೆಯದೆ ಅಲ್ಲಿ ಬಿಟ್ಟು ಹೋಗಿ. ನೆರೆಯವರು ಹೀಗೆ ಒಪ್ಪಿಸಿ ಹೋದಾಗ ಒಂದು ತುತ್ತು ಹೆಚ್ಚಾಗಿ ಹಾಕುವುದು ಊರಿನವರ ಕರ್ತವ್ಯ. ಗಲ್ಲಿಯ ಕಾವಲು ಎಲ್ಲರಿಗೂ ಸೇರಿದುದಲ್ಲವೆ?

ಮೂರು, ನಾಯಿಯನ್ನು ಬೇರೆಯವರಿಗೆ ಕೊಡುವ ಸಂಗತಿ. ಬೆಳೆದ ನಾಯಿಯನ್ನು ಇನ್ನೊಂದು ಊರಿಗೆ ಕೊಟ್ಟರೆ ಅದು ತಪ್ಪಿಸಿಕೊಂಡು ಹಳೆಯ ಮನೆಯನ್ನು ಹುಡುಕಿಕೊಂಡು ಹೊರಡುವುದುಂಟು. ದಾರಿಯಲ್ಲಿ ಲಾರಿಗೆ ಸಿಕ್ಕುತ್ತದೆ. ಪರ ಊರಿನ ನಾಯಿಗಳ ಬಾಯಿಗೆ ಬೀಳುತ್ತದೆ. ಪಡೆದವರು ಮೊದಲ ಎರಡು ಮೂರು ವಾರ ಅದನ್ನು ಕಟ್ಟಿ ಸಾಕಬೇಕು. ದಿನಕ್ಕೆ ಎರಡು ಸಲ ಹಗ್ಗ ಹಿಡಿದು ಹೊಲ ಮನೆ ತೋರಿಸಬೇಕು. ಅನ್ನವನ್ನು ಒಬ್ಬರೇ ಹಾಕಬೇಕು. ಕೊಡುವವರು ತಮ್ಮ ಮನೆಯ ಹಾಸುಬಟ್ಟೆಯನ್ನೂ ಜೊತೆಗೆ ಕಳುಹಿಸಿದರೆ ಒಳ್ಳೆಯದು.

ನಾಲ್ಕು, ಒಡೆಯನು ತೀರಿಕೊಂಡ ಸಂಗತಿ. ಮನೆಯವರು ತಮ್ಮ ದುಃಖದಲ್ಲಿರುವಾಗ ನಾಯಿಯ ನೆನಪಾಗದಿರುವುದು ಸಹಜ. ಆ ದಿನಗಳಲ್ಲಿ ಮನೆಯ ಹುಡುಗನೊಬ್ಬನಿಗೆ ಅದರ ಅನ್ನ ನೀರು ವಹಿಸಿಬಿಡಿ. ಹಿಂದೆ ಯಾವ ಹೊತ್ತಿಗೆ ಹೊಲಕ್ಕೆ ಹೋಗುತ್ತಿತ್ತೋ ಆ ಹೊತ್ತಿಗೆ ಕರೆದುಕೊಂಡು ಹೋಗಲಿ. ತಿನ್ನದಿದ್ದರೆ ಸ್ವಲ್ಪ ಹಾಲನ್ನೋ ಬಿಸಿ ಸಾರನ್ನೋ ಕಲಸಿ ಸ್ವಲ್ಪ ಸ್ವಲ್ಪವಾಗಿ ಕೊಡಲಿ. ದಿನಚರಿ ತಪ್ಪದಿದ್ದರೆ ಬಹಳ ನಾಯಿಗಳು ಕೆಲವು ವಾರಗಳಲ್ಲಿ, ಕೆಲವು ಎರಡು ಮೂರು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತವೆ. ಎರಡು ದಿನ ಏನನ್ನೂ ಮುಟ್ಟದಿದ್ದರೆ ಪಶು ಆಸ್ಪತ್ರೆಗೆ ತೋರಿಸಿ. ಮೈ ಸುಡುತ್ತಿರುವುದು, ಒಸಡು ಬಿಳಿಚಿಕೊಂಡಿರುವುದು, ಕಿವಿಯಲ್ಲಿ ಉಣ್ಣೆಗಳು ತುಂಬಿರುವುದು ಕಂಡರೆ ಅದು ಉಣ್ಣೆಯಿಂದ ಬರುವ ಜ್ವರವಿರಬಹುದು, ಅದಕ್ಕೆ ಔಷಧಿಯುಂಟು.

ಬಂಧುಗಳೇ, ಕಡೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯ ಮಾತು. ಅನ್ನ ಬಿಡುವುದು, ಮೂಲೆ ಸೇರುವುದು, ದನಿ ಬದಲಾಗುವುದು, ಗೊತ್ತು ಗುರಿಯಿಲ್ಲದೆ ತಿರುಗುವುದು, ಇವು ಹುಚ್ಚುನಾಯಿ ರೋಗದಲ್ಲಿಯೂ ಕಾಣುತ್ತವೆ. ಒಡೆಯನನ್ನು ಹುಡುಕುತ್ತಾ ಊರೂರು ಅಲೆದ ನಾಯಿಯನ್ನು ರೋಗದ ನಾಯಿ ಕಚ್ಚಿರಬಹುದು. ಕಚ್ಚಿದ ಮೇಲೆ ರೋಗ ಹೊರಬೀಳಲು ಕೆಲವು ವಾರಗಳಿಂದ ಕೆಲವು ತಿಂಗಳುಗಳು ಹಿಡಿಯುತ್ತವೆ. ಆದುದರಿಂದ ಎರಡನ್ನೂ ಬೇರ್ಪಡಿಸಿ ತಿಳಿಯಬೇಕು.

ಕೊರಗುವ ನಾಯಿ ಮನೆಯವರನ್ನು ಗುರುತಿಸುತ್ತದೆ, ಹೆಸರು ಹಿಡಿದು ಕರೆದರೆ ಬಾಲವನ್ನಾದರೂ ಅಲ್ಲಾಡಿಸುತ್ತದೆ, ನೀರು ಕುಡಿಯುತ್ತದೆ. ಪರಿಚಯದ ಗಾಡಿಯ ಸದ್ದಿಗೋ ಎತ್ತಿನ ಗಂಟೆಗೋ ಕಿವಿ ನಿಮಿರಿಸುತ್ತದೆ. ರೋಗದ ನಾಯಿ ತನ್ನವರನ್ನೂ ಗುರುತಿಸದೆ ಹೋಗಬಹುದು. ಅದರ ದವಡೆ ಜೋಲುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲಾರದೆ ಒದ್ದಾಡುತ್ತದೆ, ದನಿ ಒಡೆಯುತ್ತದೆ. ಕಲ್ಲು, ಕಟ್ಟಿಗೆ, ಗೂಟಗಳನ್ನು ಕಚ್ಚುತ್ತದೆ. ನಡಿಗೆ ತೂರಾಡಿ, ಹಿಂಗಾಲು ಬಿದ್ದು, ಲಕ್ಷಣ ಕಂಡ ಸುಮಾರು ಹತ್ತು ದಿನಗಳೊಳಗೆ ಸಾಯುತ್ತದೆ. ಕೆಲವು ರೋಗದ ನಾಯಿಗಳು ಕಚ್ಚಲು ಬರದೆ ಸುಮ್ಮನೆ ಮಂಕಾಗಿ ಬಿದ್ದಿರುತ್ತವೆ. ಇವುಗಳೇ ಹೆಚ್ಚು ಮೋಸ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಿ ಕೆಟ್ಟವರುಂಟು. ಅನುಮಾನ ಬಂದರೆ ಮುಟ್ಟದೆ, ಮಕ್ಕಳನ್ನು ಹತ್ತಿರ ಬಿಡದೆ, ಪಶುವೈದ್ಯರಿಗೆ ತಿಳಿಸಿ.

ಯಾವ ನಾಯಿಯೇ ಕಚ್ಚಲಿ, ಪರಚಲಿ, ಗಾಯದ ಮೇಲೆ ನೆಕ್ಕಲಿ, ಸಾಕಿದ ನಾಯಿಯೆಂದು ಉದಾಸೀನ ಮಾಡಬೇಡಿ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಹಿಂದಿನ ಕಾಲದಂತೆ ಹೊಟ್ಟೆಗೆ 14 ಸೂಜಿ ಚುಚ್ಚುವ ಕಷ್ಟ ಈಗಿಲ್ಲ. ತೋಳಿಗೆ ಕೆಲವೇ ಸೂಜಿ. ವೈದ್ಯರು ಹೇಳಿದಷ್ಟನ್ನೂ ತಪ್ಪದೆ ಹಾಕಿಸಿಕೊಳ್ಳಿ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಉಳಿಯುವುದು ಇಲ್ಲವೆಂದೇ ಹೇಳಬೇಕು. ಕಚ್ಚಿದ ಕೂಡಲೇ, ತಡಮಾಡದೆ ಲಸಿಕೆ ಹಾಕಿಸಿಕೊಂಡರೆ ಭಯವಿಲ್ಲ.

ನಾಯಿಗೂ ಲಸಿಕೆಯುಂಟು. ಮರಿಗೆ ಮೂರು ತಿಂಗಳಾದಾಗ ಮೊದಲನೆಯದು. ಮುಂದೆ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ. ಗುಳೆ ಹೋಗುವ ಮುನ್ನ, ನಾಯಿಯನ್ನು ಬೇರೆಯವರಿಗೆ ಕೊಡುವ ಮುನ್ನ, ಮನೆಯವರು ಬಹಳ ದಿನ ಆಸ್ಪತ್ರೆಯಲ್ಲಿ ಇರಬೇಕಾದಾಗ, ಇದೊಂದು ಕೆಲಸವನ್ನು ಮಾಡಿಬಿಡಿ. ಆಗ ನಾಯಿ ನಿಮ್ಮನ್ನು ಹುಡುಕಿ ಅಲೆದರೂ ಈ ರೋಗವನ್ನು ಮನೆಗೆ ತರಲಾರದು. ಅದು ಅತ್ತರೂ ನೀವು ಹೆದರದೆ ಹತ್ತಿರ ಕರೆಯಬಹುದು.

ದನಗಳ ಜೊತೆ ಬಂದಿರುವ ನಾಯಿಗಳಿಗೆ ಇಲ್ಲಿಯೇ ಲಸಿಕೆ ಹಾಕುವ ಏರ್ಪಾಟಿದೆ. ಮರದ ಕೆಳಗೆ ಮಲಗಿರುವ ನಿಮ್ಮ ಕರಿಯನನ್ನು, ಕೆಂಚನನ್ನು ಕರೆತಂದು ಸಾಲಿನಲ್ಲಿ ನಿಲ್ಲಿರಿ. ನೀವು ಕರೆದರೆ ಅದು ಖಂಡಿತ ಬರುತ್ತದೆ.